ಕೂಲಿ ಕೊಟ್ಟು ಕೂಲಿಗೆ ಹೋಗುವ ಕಲೆ

ನಮ್ಮ ಬೀದಿಯ ವಿದ್ಯುತ್ ಕಂಬಕ್ಕೆ ಮತ್ತೊಂದು ಚೀಟಿ ಅಂಟಿದೆ: ‘ಹೊಸ ಧಾರಾವಾಹಿಗೆ ಹೊಸ ಮುಖಗಳು ಬೇಕಾಗಿವೆ. ಅನುಭವ ಬೇಕಿಲ್ಲ. ವಯಸ್ಸು 5ರಿಂದ 80.’ ಧಾರಾವಾಹಿಯ ಹೆಸರಿಲ್ಲ, ವಾಹಿನಿಯ ಹೆಸರಿಲ್ಲ. ಇರುವುದು ಒಂದು ಮೊಬೈಲ್ ಸಂಖ್ಯೆ ಮಾತ್ರ. ಪಕ್ಕದಲ್ಲೇ ಮೂಲವ್ಯಾಧಿಯನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಗುಣಪಡಿಸುವವರ ಚೀಟಿಯಿದೆ. ಅವರು ವಿಳಾಸವನ್ನಾದರೂ ಕೊಟ್ಟಿದ್ದಾರೆ.

ಇಂಥ ‘ಹೊಸ ಮುಖ’ದ ಚೀಟಿ ಅಂಟಿಸುವ ಏಜೆಂಟ್ ಮಹಾಶಯರ ಬಗ್ಗೆ ನನಗೆ ಅಪಾರ ಗೌರವವಿದೆ. ಹುಡುಗ ಬಾಯಿ ತೆರೆಯುವ ಮೊದಲೇ ಅವನ ಕಣ್ಣಿನಲ್ಲಿ ಹೀರೊ ಕಳೆಯನ್ನು ಗುರುತಿಸುವ ಪ್ರತಿಭೆ ಬೇರೆ ಯಾರಿಗಿದೆ? ಇವರ ಆಡಿಷನ್ನಿನಲ್ಲಿ ಅನುತ್ತೀರ್ಣರಾದವರು ಒಬ್ಬರೂ ಇಲ್ಲ. ಆಯ್ಕೆಯಾದ ಮೇಲೆ ನೋಂದಣಿ ಶುಲ್ಕ, ನಂತರ ‘ಆರ್ಟಿಸ್ಟ್ ಕಾರ್ಡ್’, ಕೊನೆಗೆ ಚಿತ್ರೀಕರಣ ಮುಗಿದೊಡನೆ ಹಿಂದಿರುಗಿಸುವ ಠೇವಣಿ. ಚಿತ್ರೀಕರಣ ಶುರುವಾಗುವುದೇ ಇಲ್ಲವಾದ್ದರಿಂದ ಅದು ಮುಗಿಯುವ ತಾಪತ್ರಯವೂ ಇಲ್ಲ.

ನಡುವೆ ಬರುವ ಪೋರ್ಟ್‌ಫೋಲಿಯೊ ಎಂಬ ಫೋಟೊ ಆಲ್ಬಮ್ ಅಂತೂ ಪ್ರತ್ಯೇಕ ಅಧ್ಯಾಯ. ಅದನ್ನು ಏಜೆಂಟ್ ಹೇಳಿದ ಸ್ಟುಡಿಯೊದಲ್ಲಿಯೇ ತೆಗೆಸಬೇಕು. ಗದ್ದೆಯಿಂದ ನೇರವಾಗಿ ಬೆಂಗಳೂರಿನ ಬಸ್ ಹತ್ತಿದ ಹುಡುಗನಿಗೆ ಅಲ್ಲಿ ಯಾರದೋ ಜಾಕೆಟ್ ಹೊದಿಸಿ, ಕಪ್ಪು ಕನ್ನಡಕ ಹಾಕಿಸಿ, ಇಲ್ಲದ ಬೈಕಿಗೆ ಒರಗಿದಂತೆ ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ರೈತನ ಪಾತ್ರಕ್ಕೆ ಯಾರಾದರೂ ಕರೆದರೆ ತೋರಿಸಲು ಅವನದೇ ಮುಖವಿರುವ ಒಂದು ಚಿತ್ರವೂ ಆ ಆಲ್ಬಮ್ಮಿನಲ್ಲಿರುವುದಿಲ್ಲ. 1954ರಲ್ಲಿ ರಾಜಕುಮಾರ್ ಆಗಿ ತೆರೆಗೆ ಬರುವ ಮುನ್ನ ಮುತ್ತುರಾಜರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ದುಡಿದಿದ್ದರು. ಪಾಪ, ವೀರಣ್ಣನವರಿಗೆ ಪೋರ್ಟ್‌ಫೋಲಿಯೊ ಶುಲ್ಕದ ಉಪಾಯ ಹೊಳೆಯಲಿಲ್ಲ. ಕಲಾವಿದರಿಗೆ ತಾವೇ ಸಂಬಳ ಕೊಟ್ಟುಕೊಂಡು ಕಾಲ ಕಳೆದರು.

ನಿಜವಾದ ಏಜೆಂಟನ ಲೆಕ್ಕ ಬಹಳ ಸರಳವಾದದ್ದು: ಕಲಾವಿದನಿಗೆ ಸಂಭಾವನೆ ಬಂದರೆ ಅದರಲ್ಲಿ ಏಜೆಂಟನಿಗೊಂದು ಪಾಲು, ಬರದಿದ್ದರೆ ಏಜೆಂಟನಿಗೂ ಇಲ್ಲ. ಕೂಲಿಗೆ ಹೋದವನೇ ಮೇಸ್ತ್ರಿಗೆ ಮುಂಗಡ ಕೂಲಿ ಕೊಡುವ ಪದ್ಧತಿ ಗಾರೆ ಕೆಲಸದಲ್ಲಿಲ್ಲ, ಕಾಫಿ ತೋಟದಲ್ಲಿಲ್ಲ. ಬಣ್ಣದ ಲೋಕಕ್ಕೆ ಮಾತ್ರ ಅದು ಹೇಗೆ ಒಗ್ಗಿತೋ ತಿಳಿಯದು.

ಮಕ್ಕಳ ವಿಷಯಕ್ಕೆ ಬಂದರೆ ನಗು ನಿಂತುಹೋಗುತ್ತದೆ. ಮಗುವನ್ನು ನಟನೆಗೆ ಬಳಸಬೇಕಾದರೆ ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆಯಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ಸಂಪಾದನೆಯಲ್ಲಿ ಕನಿಷ್ಠ ಶೇ 20ನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು ಎಂದು 2017ರ ನಿಯಮ ಹೇಳುತ್ತದೆ. ಅಂದರೆ ಕಾನೂನಿನ ಪ್ರಕಾರ ಹಣ ಮಗುವಿನ ಕಡೆಗೆ ಹರಿಯಬೇಕು. ಇಲ್ಲಿ ತಾಯಿಯ ಬಳೆ ಗಿರವಿಗೆ ಹೋಗುತ್ತದೆ. ‘ನಾಳೆಯೊಳಗೆ ಕಟ್ಟದಿದ್ದರೆ ಪಾತ್ರ ಬೇರೆ ಮಗುವಿಗೆ’ ಎಂದು ರಾತ್ರಿ ಹತ್ತಕ್ಕೆ ಫೋನ್ ಮಾಡುವವನನ್ನು ವಿಡಂಬನೆ ಮಾಡಿ ಏನು ಪ್ರಯೋಜನ? ಅವನು ಕಳ್ಳ. ಅವನಿಗೆ ಪ್ರತಿಭಾ ಶೋಧಕನೆಂಬ ಬೇರೆ ಹೆಸರು ಬೇಕಿಲ್ಲ.

ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದಲ್ಲ ಎಂದು ಪರಿಚಯದ ದಂಪತಿಯನ್ನು ಕೇಳಿದೆ. ಅವರು ಮುಖ ಮುಖ ನೋಡಿಕೊಂಡರು. ಮಗಳು ಟಿವಿಯಲ್ಲಿ ಬರುತ್ತಾಳೆಂದು ಊರಿಗೆಲ್ಲ ಸಿಹಿ ಹಂಚಿ ಆಗಿತ್ತು. ಈಗಲೂ ನೆಂಟರು ಕೇಳಿದಾಗಲೆಲ್ಲ ಇಬ್ಬರೂ ಒಂದೇ ದನಿಯಲ್ಲಿ, ಚೂರೂ ತಡವರಿಸದೆ, ‘ಎಡಿಟಿಂಗ್ ನಡೀತಾ ಇದೆ’ ಎನ್ನುತ್ತಾರೆ.