ಟೇಪ್ 12 ಮತ್ತು ಟೇಪ್‌ 12

ಮೇಲಿನ ಸಾಲಿನಲ್ಲಿರುವ ಎರಡು ಫೈಲ್ ಹೆಸರನ್ನು ಇನ್ನೊಮ್ಮೆ ನೋಡಿ. ಒಂದೇ ಥರ ಇವೆ ಅಲ್ವಾ? ಇಲ್ಲ, ಎರಡೂ ಬೇರೆ ಬೇರೆ. ಇಷ್ಟು ತಿಳಿಯೋಕೆ ನನಗೆ ಹನ್ನೊಂದು ರಾತ್ರಿ ಮತ್ತು ಒಂದು ಪೂರ್ತಿ ಭಾನುವಾರ ಬೇಕಾಯಿತು.

ಅಪ್ಪನ ಹತ್ತಿರ ತಾಳಮದ್ದಳೆಯ 84 ಕ್ಯಾಸೆಟ್ ಇವೆ. ಶಿರಸಿ ಕಡೆ ಮಳೆಗಾಲ ಹಿಡಿಯಿತು ಅಂದರೆ ಯಾರದೋ ಮನೆ ಜಗಲಿಯಲ್ಲೋ ದೇವಸ್ಥಾನದಲ್ಲೋ ತಾಳಮದ್ದಳೆ ಇದ್ದೇ ಇರುತ್ತಿತ್ತು. ಅಪ್ಪ ಟೇಪ್‌ರೆಕಾರ್ಡರನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಭಾಗವತರ ಮುಂದೆ ಇಟ್ಟು, ಅರ್ಥಧಾರಿಗಳ ಮಾತು ಕಾವೇರಿದ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ ಮಗುಚಬೇಕಾಗಿ ಬಂದು ಬೈದುಕೊಳ್ಳುತ್ತಿದ್ದರು. ಕೃಷ್ಣ ಸಂಧಾನ, ಕರ್ಣಪರ್ವ, ವಾಲಿವಧೆ, ಭೀಷ್ಮವಿಜಯ. ಎಲ್ಲ 90 ನಿಮಿಷದ ಕ್ಯಾಸೆಟ್. ಎರಡು ವರ್ಷದಿಂದ ಬಿಡುವಾದಾಗೆಲ್ಲ ಅವನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಸಿಡಿ ಗುಣಮಟ್ಟದ ವೇವ್ ಫೈಲ್ ಅಂದರೆ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಕ್ಯಾಸೆಟ್ಟಿಗೆ 900 ಎಂಬಿ ದಾಟುತ್ತದೆ, ಒಟ್ಟು 78 ಜಿಬಿ ಆಯಿತು. (ಗುಣಮಟ್ಟ ಕೆಡದ ಹಾಗೆ ಫೈಲ್ ಕುಗ್ಗಿಸುವ ಫ್ಲಾಕ್ ಮಾಡಿದ್ದರೆ ಎಷ್ಟೋ ಕಡಿಮೆ ಆಗುತ್ತಿತ್ತು, ಗೊತ್ತು. ಕಾಮೆಂಟಲ್ಲಿ ಬರೆಯಬೇಡಿ. ಸೋಮಾರಿತನ.)

ಇಷ್ಟನ್ನೂ ಕ್ಲೌಡಿಗೆ ಹಾಕೋಕೆ ನಾನು ಬಳಸೋದು ಆರ್‌ಕ್ಲೋನ್. ಕಪ್ಪು ಪರದೆಯಲ್ಲಿ ಕಮಾಂಡ್ ಕೊಟ್ಟು ನಡೆಸುವ ಸಾಧನ. ನಿಕ್ ಕ್ರೇಗ್-ವುಡ್ ಅನ್ನುವವರು ಗೋ ಭಾಷೆಯಲ್ಲಿ ಬರೆಯೋಕೆ ಶುರು ಮಾಡಿದ್ದು, ಪುಕ್ಕಟೆ, ಮೂಲ ಕೋಡ್ ಕೂಡ ತೆರೆದೇ ಇದೆ. ನಿಮ್ಮ ಜಾಗ ಯಾವ ಕಂಪನಿಯದ್ದೇ ಇರಲಿ, ಹೆಚ್ಚು ಕಡಿಮೆ ಎಲ್ಲದರ ಜೊತೆ ಮಾತಾಡುತ್ತದೆ. ರಾತ್ರಿ ಎರಡು ಗಂಟೆಗೆ ಕ್ರಾನ್, ಅಂದರೆ ಹೇಳಿಟ್ಟ ಹೊತ್ತಿಗೆ ಕೆಲಸ ಶುರು ಮಾಡಿಸುವ ಪ್ರೋಗ್ರಾಂ, ಅದನ್ನು ಎಬ್ಬಿಸುತ್ತದೆ, ಹೊಸ ಫೈಲ್ ಇದ್ದರೆ ಅದು ಮೇಲಕ್ಕೆ ಕಳಿಸುತ್ತದೆ. ನಾನು ಕೊಟ್ಟಿದ್ದು 'ಕಾಪಿ' ಕಮಾಂಡ್. ಕಾಪಿ ಅಂದರೆ ಕಳಿಸೋದು ಮಾತ್ರ, ಅಲ್ಲಿರೋದನ್ನು ಅಳಿಸಲ್ಲ. 'ಸಿಂಕ್' ಹಾಗಲ್ಲ. ಇಲ್ಲಿ ಹೇಗಿದೆಯೋ ಅಲ್ಲೂ ಹಾಗೇ ಮಾಡುತ್ತದೆ, ಇಲ್ಲಿ ಇಲ್ಲದ್ದನ್ನು ಅಲ್ಲಿಂದಲೂ ತೆಗೆದುಹಾಕುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸೋದು ಮರೆತು, ಅದರ ಜಾಗದಲ್ಲಿರುವ ಖಾಲಿ ಫೋಲ್ಡರನ್ನೇ ತೋರಿಸಿ ಸಿಂಕ್ ಮಾಡು ಅಂದರೆ ಅದು ನಿಷ್ಠೆಯಿಂದ ಕ್ಲೌಡನ್ನೂ ಖಾಲಿ ಮಾಡಿಬಿಡುತ್ತದೆ. ಆ ಹೆದರಿಕೆಗೇ ನಾನು ಕಾಪಿಗೆ ಅಂಟಿಕೊಂಡಿದ್ದು.

ಕ್ಲೌಡಿನ ಫೋಲ್ಡರಿಂದಲೇ ತಾಳಮದ್ದಳೆ ಕೇಳುವ ಅಪ್ಪ ಒಂದು ದಿನ ಫೋನ್ ಮಾಡಿದರು. "ತಮಾ, ಇದ್ರಲ್ಲಿ ಎಲ್ಲಾ ಎರಡೆರಡು ಇದ್ದಲ. ಯಾವ್ದು ಒತ್ತವು?"

ನಾನು ಗಮನ ಕೊಡಲಿಲ್ಲ. ಎರಡು ಸಲ ಒತ್ತಿರಬೇಕು, ಫೋನ್ ಹ್ಯಾಂಗ್ ಆಗಿರಬೇಕು, ಹೀಗೆ ಏನೋ ಅಂದುಕೊಂಡೆ. ಅಪ್ಪ ಹೇಳಿದ್ದೇ ಸರಿಯಾದ ಬಗ್ ರಿಪೋರ್ಟ್. ಅದನ್ನು ನಂಬಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಒಂದು ವಾರ ಬಿಟ್ಟು ಜಾಗ ತುಂಬಿದೆ ಅಂತ ಮೇಲ್ ಬಂತು. ನನ್ನ ಪ್ಲಾನ್ 100 ಜಿಬಿ, ನನ್ನ ಫೈಲ್ 78 ಜಿಬಿ. ಲೆಕ್ಕ ಕೂಡಲಿಲ್ಲ. ರಾತ್ರಿ ಏನೇನಾಯಿತು ಅಂತ ಬರೆದಿಡುವ ಕ್ರಾನ್ ಲಾಗ್ ನೋಡೋಣ ಅಂದರೆ ಲಾಗೇ ಇಲ್ಲ. ದಿನಾ ಬರುವ ಮೆಸೇಜ್ ಕಿರಿಕಿರಿ ಅಂತ ನಾನೇ ಹಿಂದೆ ಯಾವತ್ತೋ ಎಲ್ಲವನ್ನೂ 'ಡೆವ್ ನಲ್' ಎಂಬ ಹಾಳು ಬಾವಿಗೆ ಸುರಿಯೋಕೆ ಹೇಳಿಟ್ಟಿದ್ದೆ. ಹನ್ನೊಂದು ರಾತ್ರಿ ಆ ಸಾಧನ ತನ್ನ ಕಷ್ಟ ಹೇಳಿಕೊಂಡಿದೆ, ಕೇಳೋರು ಯಾರೂ ಇರಲಿಲ್ಲ. ಲಾಗ್ ಫೈಲ್ ಆಯ್ಕೆ ಸೇರಿಸಿ ಕೈಯಿಂದಲೇ ಓಡಿಸಿದೆ. ಜಾಗ ಇಲ್ಲ, ಜಾಗ ಇಲ್ಲ, ಜಾಗ ಇಲ್ಲ. ಪ್ರತಿ ಫೈಲಿಗೂ ಅದೇ ರಾಗ.

ಇಂಥ ಹೊತ್ತಲ್ಲಿ ಮನುಷ್ಯ ಮಾಡುವ ಮೊದಲ ತಪ್ಪು ದುಡ್ಡು ಕೊಡೋದು. 200 ಜಿಬಿ ಪ್ಲಾನಿನ ಪುಟ ತೆರೆದು ಕೂತಿದ್ದೆ. ಯುಪಿಐ ಪಿನ್ ಹೊಡೆಯುವ ಮುಂಚೆ ಯಾಕೋ ಒಂದು ಸಲ ಕ್ಲೌಡಿನ ಫೋಲ್ಡರ್ ನೋಡೋಣ ಅನ್ನಿಸಿತು. ನೋಡಿದರೆ ಅಪ್ಪ ಹೇಳಿದ ಹಾಗೇ ಟೇಪ್ 12 ಎರಡು ಸಲ ಇದೆ. ಟೇಪ್ 13 ಕೂಡ ಎರಡು ಸಲ. ಕೆಲವು ಕ್ಲೌಡ್‌ಗಳಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರೋಕೆ ಅವಕಾಶ ಇದೆ, ಅದನ್ನು ಹುಡುಕೋಕೆ ಆರ್‌ಕ್ಲೋನ್‌ನಲ್ಲೇ 'ಡೆಡ್ಯೂಪ್' ಅಂತ ಕಮಾಂಡ್ ಇದೆ. ಓಡಿಸಿದೆ. ಒಂದೂ ಜೋಡಿ ಇಲ್ಲ ಅಂತು! ಕಣ್ಣೆದುರು ಎರಡು ಕಾಣುತ್ತಿದೆ, ಇದು ಇಲ್ಲ ಅನ್ನುತ್ತಿದೆ. ಹೆಸರು ಬಿಟ್ಟು ಫೈಲಿನ ಒಳಗಿರೋದನ್ನು ಹೋಲಿಸಿ ಹುಡುಕು, ಅಂದರೆ 'ಬೈ ಹ್ಯಾಶ್' ಅಂದಾಗ ಮಾತ್ರ 23 ಟೇಪಿನ ಫೈಲುಗಳೂ ಜೋಡಿಯಾಗಿ ಸಿಕ್ಕವು.

ಈ ಹಂತದಲ್ಲಿ ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಸಾಫ್ಟ್‌ವೇರ್‌ನಲ್ಲಿ ಹದಿನೈದು ವರ್ಷ ಸವೆಸಿದವನು. ಪೂರ್ತಿ ಕೇಳಲೂ ಇಲ್ಲ. "ಫೈಲ್ ಹೆಸರು ಕನ್ನಡದಲ್ಲಿ ಇಟ್ಟಿದ್ದೀಯಾ? ಅದಕ್ಕೇ. ಸುಮ್ನೆ ಇಂಗ್ಲಿಷಲ್ಲಿ ಇಡು ಮಾರಾಯ" ಅಂದ.

ನನಗೆ ಸಿಟ್ಟು ಬಂದಿದ್ದು ಇಲ್ಲಿಯೇ, ಈ ಪೋಸ್ಟ್ ಬರೆಯುತ್ತಿರುವುದೂ ಇದಕ್ಕೇ. ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಮೂವತ್ತು ವರ್ಷದ ಮೇಲಾಯಿತು. ಈಗಲೂ ಏನು ಕೆಟ್ಟರೂ ಮೊದಲು ಬೆರಳು ತೋರಿಸೋದು ಕನ್ನಡದ ಕಡೆಗೆ. ಇಂಗ್ಲಿಷ್ ಹೆಸರಿನ ಫೈಲ್ ಕೆಟ್ಟರೆ ಬಗ್ ಹುಡುಕುತ್ತಾರೆ. ಕನ್ನಡ ಹೆಸರಿನದ್ದು ಕೆಟ್ಟರೆ ಹುಡುಕೋದೇ ಇಲ್ಲ, ಹೆಸರು ಬದಲಾಯಿಸು ಅನ್ನುತ್ತಾರೆ. ಈ ಫೋಲ್ಡರ್ ತೆರೆಯೋದು ಯಾರು? ಅಪ್ಪ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಅವರೇ ಬಾಲ್‌ಪೆನ್ನಲ್ಲಿ ಒತ್ತಿ ಒತ್ತಿ ಬರೆದ ಹೆಸರು ಅದು. 'ಕೆಎಸ್ ಅಂಡರ್‌ಸ್ಕೋರ್ ಝೀರೋ ಒನ್ ಟೂ' ಅಂತ ಇಟ್ಟರೆ ಸಾಧನಕ್ಕೆ ಖುಷಿ ಆಗಬಹುದು, ಅಪ್ಪನಿಗೆ ಕೃಷ್ಣ ಸಂಧಾನ ಸಿಗಲ್ಲ.

ಹಾಗಂತ ನನ್ನ ಮೊದಲ ಊಹೆಯೂ ಸರಿ ಇರಲಿಲ್ಲ. ನಾನು ಬೈದದ್ದು ಭಾವನ ಮ್ಯಾಕ್‌ಗೆ. ದೀಪಾವಳಿಗೆ ಬಂದಾಗ ಅವರು ಡಿಸ್ಕನ್ನು ತಮ್ಮ ಮ್ಯಾಕ್‌ಗೆ ಸಿಕ್ಕಿಸಿ ಹೆಸರುಗಳನ್ನು ಒಪ್ಪ ಮಾಡಿದ್ದರು. ನಾನು ಆರು ಟೇಪಿಗೆ ೩, ೪ ಅಂತ ಕನ್ನಡ ಅಂಕಿ ಹಾಕಿ ಮಿಕ್ಕದ್ದಕ್ಕೆ 12, 13 ಅಂತ ಹಾಕಿದ್ದೆ. ಎಲ್ಲ ಒಂದೇ ಥರ ಇರಲಿ ಅಂತ ಅವರು 84ಕ್ಕೂ ಒಟ್ಟಿಗೆ ಹೊಸದಾಗಿ ಹೆಸರಿಟ್ಟರು. ಮ್ಯಾಕ್ ಮೇಲೆ ಅನುಮಾನ ಬರೋಕೆ ಕಾರಣ ಇದೆ. 'ಟೇ' ಬರೆಯುವಾಗ ಏತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎತ್ವ ಮತ್ತು ದೀರ್ಘ ಅಂತ ಎರಡಾಗಿ ಒಡೆದೂ ಇಡಬಹುದು. ನೋಡೋಕೆ ಒಂದೇ, ಒಳಗೆ ಬೇರೆ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಒಡೆದೇ ಇಡುತ್ತಿತ್ತು. ಆದರೆ ಆರ್‌ಕ್ಲೋನ್‌ಗೆ ಈ ವಿಷಯ ಗೊತ್ತಿದೆ. ಹೆಸರು ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ, ಬೇಡ ಅಂದರೆ ನಾವೇ ಹೇಳಿ ನಿಲ್ಲಿಸಬೇಕು. ಹಾಗಾಗಿ ಮ್ಯಾಕ್ ನಿರಪರಾಧಿ. ಭಾವನ ಹತ್ತಿರ ಆಮೇಲೆ ಒಪ್ಪಿಕೊಂಡೆ.

ಗುಟ್ಟು ಬಿಚ್ಚಿದ್ದು ಡ್ರೈ ರನ್. ಈ ಆಯ್ಕೆ ಸೇರಿಸಿದರೆ ಏನು ಮಾಡುತ್ತೇನೆ ಅಂತ ಹೇಳುತ್ತದೆ, ಮಾಡಲ್ಲ. ಸಿಂಕ್ ಕಮಾಂಡಿಗೆ ಡ್ರೈ ರನ್ ಸೇರಿಸಿ ಓಡಿಸಿದೆ. ಬಂದ ಪಟ್ಟಿಯಲ್ಲಿ ಒಂದು ಕಡೆ ಟೇಪ್ 61ನ್ನು ಕಳಿಸುತ್ತಿದ್ದೆ ಅಂತ ಇತ್ತು. ಕೆಳಗೆ ಇಳಿದರೆ ಟೇಪ್ 61ನ್ನು ಅಳಿಸುತ್ತಿದ್ದೆ ಅಂತಲೂ ಇತ್ತು. ಒಂದೇ ಹೆಸರನ್ನು ಕಳಿಸೋದೂ ಅಳಿಸೋದೂ ಹೇಗೆ ಸಾಧ್ಯ? ಎರಡು ಸಾಲನ್ನೂ ಕಾಪಿ ಮಾಡಿ ಹೆಕ್ಸ್ ಡಂಪ್‌ಗೆ ಕೊಟ್ಟೆ, ಅಂದರೆ ಅಕ್ಷರ ಬಿಟ್ಟು ಬರೀ ಬೈಟ್‌ಗಳನ್ನು ನೋಡಿದೆ. 'ಟೇಪ್' ಅಂದರೆ ಟ, ಏತ್ವ, ಪ, ಹಲಂತ. ನಾಲ್ಕು ಸಂಕೇತ, ಅವನ್ನು ಬೈಟ್ ಆಗಿ ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ತಲಾ 3 ಬೈಟ್, ಒಟ್ಟು 12. ಮೊದಲ ಸಾಲಿನಲ್ಲಿ ಮಾತ್ರ 15 ಇತ್ತು. ಹಲಂತ ಆದಮೇಲೆ, ಖಾಲಿ ಜಾಗಕ್ಕೆ ಮುಂಚೆ, ಮೂರು ಬೈಟ್ ಜಾಸ್ತಿ: ಇ2, 80, 8ಸಿ.

ಜೀರೋ ವಿಡ್ತ್ ನಾನ್ ಜಾಯಿನರ್. ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಅಕ್ಷರ. ನಾವು ದಿನಾ ಬಳಸುತ್ತೇವೆ. 'ಫೇಸ್‌ಬುಕ್' ಅಂತ ಬರೆದಾಗ ಬಕಾರ ಹೋಗಿ ಸಕಾರಕ್ಕೆ ಒತ್ತಾಗಿ ಅಂಟಿಕೊಳ್ಳದ ಹಾಗೆ ನಡುವೆ ನಿಂತು ತಡೆಯೋದು ಇದೇ. ಅಲ್ಲಿ ಅದು ಬೇಕೇ ಬೇಕು. ಆದರೆ ಕೆಲವು ಕೀಬೋರ್ಡ್‌ಗಳು ಹಲಂತ ಬಂದ ಕೂಡಲೇ, ಪದ ಅಲ್ಲೇ ಮುಗಿದರೂ, ತಾವಾಗಿಯೇ ಇದನ್ನು ತುರುಕಿಬಿಡುತ್ತವೆ. ಭಾವನ ಕೀಬೋರ್ಡ್ ಆ ಜಾತಿಯದ್ದು, ನನ್ನದು ಅಲ್ಲ. ಅಲ್ಲಿಗೆ ಭಾವ ಮುಟ್ಟಿದ 84 ಟೇಪೂ ಆರ್‌ಕ್ಲೋನ್ ಕಣ್ಣಿಗೆ ಹೊಸ ಫೈಲ್‌ಗಳಾದವು. ಕಾಪಿ ಕಮಾಂಡ್ ಹಳೆಯದನ್ನು ಮುಟ್ಟದೆ ಹೊಸದನ್ನು ಕಳಿಸುತ್ತಾ ಹೋಯಿತು, 23 ಹೋಗುವಷ್ಟರಲ್ಲಿ ಜಾಗ ಮುಗಿಯಿತು. ಇದನ್ನೂ ಆರ್‌ಕ್ಲೋನ್ ಯಾಕೆ ಸರಿ ಮಾಡಿಕೊಳ್ಳಲಿಲ್ಲ ಅಂದರೆ, ಮಾಡಿಕೊಳ್ಳಬಾರದು. ಏತ್ವದ ಎರಡು ರೂಪ ಒಂದೇ ಅಂತ ಯೂನಿಕೋಡ್ ನಿಯಮವೇ ಹೇಳುತ್ತದೆ. ಈ ಕಾಣದ ಅಕ್ಷರ ಹಾಗಲ್ಲ, ಅದು ಇದ್ದರೆ ಒಂದು ಹೆಸರು, ಇಲ್ಲದಿದ್ದರೆ ಇನ್ನೊಂದು.

ಕನ್ನಡ ಹೆಸರಿಂದ ನಿಜವಾದ ತೊಂದರೆ ಇಲ್ಲವೇ ಇಲ್ಲ ಅಂತಲೂ ನಾನು ಹೇಳಲ್ಲ. ಉದ್ದದ್ದು ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಲೆಕ್ಕದಲ್ಲಿ 85 ಸಂಕೇತ. 'ಕೃಷ್ಣ' ಅನ್ನೋಕೇ ಐದು ಖರ್ಚಾಗುತ್ತದೆ. ಹೆಸರನ್ನೂ ಗುಟ್ಟಾಗಿಡುವ 'ಕ್ರಿಪ್ಟ್' ಬಳಸಿದರೆ ಸಾಮಾನ್ಯವಾಗಿ ಸಿಗೋದು 143 ಬೈಟ್, ಅಂದರೆ 47 ಸಂಕೇತ. ಅಪ್ಪ ಕೆಲವು ಕ್ಯಾಸೆಟ್ ಮೇಲೆ ಪ್ರಸಂಗ, ಊರು, ಭಾಗವತರು, ಮಳೆ ಬಂದಿತ್ತೋ ಇಲ್ಲವೋ ಎಲ್ಲಾ ಬರೆದಿದ್ದಾರೆ. ಅವನ್ನು ಒಂದು ಪಠ್ಯ ಫೈಲಿಗೆ ಸರಿಸಿ ಹೆಸರು ಚಿಕ್ಕದು ಮಾಡಿದ್ದೇನೆ. ಕನ್ನಡದಲ್ಲೇ.

ಸರಿ ಮಾಡಿದ್ದು ಹೇಗೆ ಅಂತ ಕೇಳುವವರಿಗೆ: ಡಿಸ್ಕಿನಲ್ಲಿ ಎಲ್ಲ ಹೆಸರಿಂದಲೂ ಆ ಮೂರು ಬೈಟ್ ಕಿತ್ತು ಹಾಕಿದೆ, ಒಂದು ಸಾಲಿನ ಕೆಲಸ. ಕ್ಲೌಡಿನ ಹಳೆಯ ಹೆಸರುಗಳು ಮತ್ತೆ ತಾಳೆ ಆದವು. ಅಂಕಿ ಬದಲಾಗಿದ್ದ ಆರು ಟೇಪಿಗೆ 'ಟ್ರ್ಯಾಕ್ ರಿನೇಮ್ಸ್' ಆಯ್ಕೆ ಕೊಟ್ಟೆ. ಒಳಗಿರೋದು ಅದೇ ಅಂತ ಹ್ಯಾಶ್ ನೋಡಿ ಗುರುತಿಸಿ, ಮತ್ತೆ ಕಳಿಸದೆ ಅಲ್ಲೇ ಹೆಸರು ಬದಲಾಯಿಸುತ್ತದೆ. ಪುನಃ ಸಿಂಕ್ ಕಮಾಂಡಿನ ಡ್ರೈ ರನ್. ಟೇಪ್ ಲೆಕ್ಕದಲ್ಲಿ ಅಳಿಸೋದು 23, ಹೆಸರು ಬದಲಾಗೋದು 6, ಹೊಸದಾಗಿ ಕಳಿಸೋದು ಸೊನ್ನೆ. ಆ ಸೊನ್ನೆಯನ್ನು ಎರಡು ಸಲ ಓದಿ, ಡಿಸ್ಕ್ ಸಿಕ್ಕಿಸಿದ್ದೇನಾ ಅಂತ ಬಗ್ಗಿ ನೋಡಿ, ಆಮೇಲೆ ಡ್ರೈ ರನ್ ತೆಗೆದು ಎಂಟರ್ ಒತ್ತಿದೆ. ರಾತ್ರಿಯ ಕೆಲಸಕ್ಕೆ ಈಗಲೂ ಕಾಪಿಯೇ, ಆದರೆ ಲಾಗ್ ಸಮೇತ. ಭಾವನ ಕೀಬೋರ್ಡ್ ಬದಲಾಗಿಲ್ಲ. ಅವರು ಕೇಳಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಈಗ ಸರಿ ಆಗಿದೆ, ಎಲ್ಲ ಒಂದೊಂದೇ ಇದೆ, ನೋಡಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ, ಬೆರಳು ತಿಕ್ಕುವ ಸದ್ದು.

"ಎರಡನೇದು ಎಲ್ಲೋತು ತಮಾ? ಅದೇ ಚೊಲೋ ಕೇಳ್ತಿತ್ತು."