ಕೊನೇ ಪೀಸು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಯವರು ಎರಡು ಮಾತು ಆಡಿದರೆ ಸಾಕು, ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ‘ಕೊನೇ ಪೀಸು ಸಾರ್.’

ನನ್ನದು ಪ್ರೀಮಿಯರ್ ಪದ್ಮಿನಿ ಕಾರು. 1089 ಸಿ.ಸಿ. ಇಂಜಿನ್ನು, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಇದನ್ನು ತಯಾರಿಸುವುದು ನಿಂತು 20 ವರ್ಷದ ಮೇಲಾಯಿತು. ಆದರೂ ಮುಂಬೈಯಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ನನಗೆ ಧೈರ್ಯವಿತ್ತು. ಅವರಿಗೆ ಬೇಕಲ್ಲ, ಯಾರಾದರೂ ಸಾಮಾನು ಮಾಡುತ್ತಲೇ ಇರುತ್ತಾರೆ. ಅಲ್ಲಿ ಟ್ಯಾಕ್ಸಿಗೆ 20 ವರ್ಷವೇ ಆಯಸ್ಸು. 2023ರ ಅಕ್ಟೋಬರ್ ಕೊನೆಗೆ ಉಳಿದಿದ್ದ ಒಂದಕ್ಕೂ ಅದು ತುಂಬಿತು. ಪೇಪರಿನಲ್ಲಿ ಸುದ್ದಿ ಓದಿದ ದಿನದಿಂದ ನಾನು ಮಳೆಗಾಲಕ್ಕೆ ಹಪ್ಪಳ ಸಂಡಿಗೆ ಕೂಡಿಡುವ ಅಜ್ಜಿಯಾದೆ.

ಈಗ ಮಂಚದ ಕೆಳಗೆ ಹಳೇ ಸೀರೆ ಸುತ್ತಿಕೊಂಡು ಮುಂದಿನ ಗಾಜು ಮಲಗಿದೆ. ಅಟ್ಟದಲ್ಲಿ ಸೈಲೆನ್ಸರ್. ಬಿಸ್ಕೆಟ್ ಡಬ್ಬದ ತುಂಬ ಕಾಂಟ್ಯಾಕ್ಟ್ ಪಾಯಿಂಟು, ಕಂಡೆನ್ಸರು, ಡಿಸ್ಟ್ರಿಬ್ಯೂಟರ್ ಕ್ಯಾಪು. ಒಮ್ಮೆ ನೆಂಟರ ಮಗು ಆಸೆಯಿಂದ ಆ ಡಬ್ಬ ತೆಗೆದು ಅತ್ತುಬಿಟ್ಟಿತು. ‘ಇವನ್ನೆಲ್ಲ ಜೋಡಿಸಿದ್ರೆ ಇನ್ನೊಂದು ಕಾರೇ ಆಗತ್ತಲ್ರೀ’ ಎನ್ನುತ್ತಾಳೆ ನನ್ನ ಹೆಂಡತಿ. ಆಗಲ್ಲ. ಬಲಗಡೆ ಬಾಗಿಲು ಇನ್ನೂ ಸಿಕ್ಕಿಲ್ಲ.

ಕೂಡಿಡುವುದಕ್ಕೂ ಬುದ್ಧಿ ಬೇಕು ಅಂತ ಗೊತ್ತಾಗಿದ್ದು ತಡವಾಗಿ. ಗಾಜಿಗೆ ವಯಸ್ಸಾಗುವುದಿಲ್ಲ. ಕಬ್ಬಿಣಕ್ಕೆ ಗ್ರೀಸು ಸವರಿ ಕಾಗದ ಸುತ್ತಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬಂದೀತು. ರಬ್ಬರ್ ಮಾತ್ರ ದುಡಿಯದೆಯೂ ಮುದಿಯಾಗುತ್ತದೆ. ಮೊನ್ನೆ ಫ್ಯೂಯೆಲ್ ಪಂಪಿನೊಳಗಿನ ರಬ್ಬರ್ ಪೊರೆ, ಡಯಾಫ್ರಂ, ಹರಿದು ಕಾರು ನಿಂತಿತು. ನನಗೋ ಒಳಗೊಳಗೇ ಖುಷಿ! ಕೂಡಿಟ್ಟಿದ್ದ ಹೊಸದನ್ನು ತಂದು, ಕವರ್ ಹರಿದು, ಮೆಕ್ಯಾನಿಕ್ ಕೈಗೆ ಗತ್ತಿನಿಂದ ಕೊಟ್ಟೆ. ಅವನು ಸುಮ್ನೆ ಸ್ವಲ್ಪ ಬಗ್ಗಿಸಿದ. ಹಳೇ ಚಕ್ಕುಲಿಯ ಹಾಗೆ ಬಿರುಕು ಬಿಟ್ಟಿತು. ‘ಯಾವಾಗ ತಗೊಂಡಿದ್ರಿ ಸಾರ್?’ ಎಂದ. ಕೇಳಿಸದವನ ಹಾಗೆ ಟೈರು ನೋಡುತ್ತ ನಿಂತೆ.

ಬುದ್ಧಿ ಬಂತಾ? ಬಂತು. ಈಗ ರಬ್ಬರಿನದು ಎರಡೇ ತರುತ್ತೇನೆ. ಮೊದಲು ನಾಲ್ಕು ತರುತ್ತಿದ್ದೆ.

ಹೋದ ವಾರ ಮೈಸೂರಿನಿಂದ ಒಬ್ಬರು ಫೋನ್ ಮಾಡಿದ್ದರು. ಅವರದ್ದೂ ಪದ್ಮಿನಿ. ಮಗಳ ಮದುವೆಗೆ ಅದೇ ಕಾರು ಅಲಂಕಾರ ಮಾಡಬೇಕಂತೆ, ಡಿಸ್ಟ್ರಿಬ್ಯೂಟರ್ ಕ್ಯಾಪು ಒಡೆದು ಕೂತಿದೆಯಂತೆ. ಎಲ್ಲಿ ಹುಡುಕಿದರೂ ಇಲ್ಲ, ನಿಮ್ಮ ಹತ್ತಿರ ಇರಬಹುದು ಅಂತ ಯಾರೋ ಹೇಳಿದರು, ಎಂದರು. ಡಬ್ಬ ತೆಗೆದು ನೋಡಿದೆ. ಆರು ಇದ್ದವು.

‘ಇದೆ, ಕಳಿಸ್ತೀನಿ’ ಎಂದೆ. ‘ಆದ್ರೆ ಜೋಪಾನ. ಕೊನೇ ಪೀಸು ಸಾರ್.’

ಅಡುಗೆಮನೆಯಿಂದ ಜೋರಾಗಿ ಕೆಮ್ಮು ಕೇಳಿಸಿತು.