‘ಏನಾದರೂ’ ಎಂಬ ಅಡುಗೆ

ಸಂಜೆ ಆರೂವರೆಗೆ ನಮ್ಮ ಮನೆಯಲ್ಲಿ ಪ್ರಶ್ನೋತ್ತರ ಕಲಾಪ ಶುರುವಾಗುತ್ತದೆ. ವಿಧಾನಸಭೆಯಲ್ಲಿ ಆಗುವ ಹಾಗೆಯೇ ಪ್ರಶ್ನೆಯೂ ಗೊತ್ತಿರುವುದೇ, ಉತ್ತರವೂ ಗೊತ್ತಿರುವುದೇ. “ರಾತ್ರಿಗೆ ಏನು ಮಾಡಲಿ?” ಎಂದು ಅಡುಗೆಮನೆ ಕೇಳುತ್ತದೆ. “ಏನಾದರೂ ಮಾಡು” ಎಂದು ಸೋಫಾ ಉತ್ತರಿಸುತ್ತದೆ. ಹೆಂಡತಿ ಶಾಲೆಯಲ್ಲಿ ಆರು ಪೀರಿಯಡ್ ಕೂಗಿ, ಎರಡು ಬಸ್ ಬದಲಿಸಿ ಬಂದಿರುತ್ತಾಳೆ. ನಾನು ಕಚೇರಿಯಿಂದ ಸ್ಕೂಟರಿನಲ್ಲಿ ಬಂದಿರುತ್ತೇನೆ. ದಣಿವು ಇಬ್ಬರಿಗೂ ಸಮಪಾಲು. ದಣಿದ ಮೇಲೆ ಕೂರುವುದು ನನ್ನ ಪಾಲಿಗೆ, ನಿಲ್ಲುವುದು ಅವಳ ಪಾಲಿಗೆ ಬಂದಿದೆ. ಹೀಗೆ ಹಂಚಿಕೊಟ್ಟವರು ಯಾರೆಂದು ನಾನು ವಿಚಾರಿಸಲು ಹೋಗಿಲ್ಲ. ನನಗೆ ಅನುಕೂಲವಾದ ವಿಷಯಗಳಲ್ಲಿ ನಾನು ಇತಿಹಾಸ ಕೆದಕುವವನಲ್ಲ.

ಇಪ್ಪತ್ತೆರಡು ವರ್ಷಗಳಿಂದ ‘ಏನಾದರೂ’ ಮಾಡು ಎಂದು ಹೇಳುತ್ತಲೇ ಇದ್ದೇನೆ. ಒಂದು ದಿನವೂ ಅವಳು ಅದನ್ನು ಮಾಡಿ ಬಡಿಸಿಲ್ಲ. ಮಾಡುವುದು ಹೇಗೆ? ಸೋಮವಾರ ಅಮ್ಮ ಅನ್ನ ಮುಟ್ಟುವುದಿಲ್ಲ. ರಾತ್ರಿ ಹೊತ್ತು ಸೊಪ್ಪು ತಿನ್ನಬಾರದು ಎನ್ನುವುದೂ ಅಮ್ಮನದೇ ಶಾಸನ. ನನ್ನ ಸಕ್ಕರೆ ಕಾಯಿಲೆಗೆ ಆಲೂಗಡ್ಡೆ ಆಗದು. ಮಗಳ ನಿಷೇಧಿತ ಪಟ್ಟಿಯಲ್ಲಿ ಹಾಗಲ, ಬದನೆ, ಹೀರೆ ಇವೆ. ಕಳೆದ ತಿಂಗಳಿನಿಂದ, ಕಾರಣ ತಿಳಿಯದು, ಸೌತೆಕಾಯಿಯೂ ಸೇರಿದೆ. ನಿನ್ನೆ ರಾತ್ರಿಯದು ಇಂದು ಮರುಕಳಿಸಬಾರದು. ಬೆಳಗಿನ ಅನ್ನ ಎರಡು ಸೌಟು ಉಳಿದಿದೆ, ಅದು ವ್ಯರ್ಥವಾಗಬಾರದು, ಆದರೆ ಚಿತ್ರಾನ್ನವೂ ಆಗಬಾರದು. ಇಷ್ಟೆಲ್ಲ ಷರತ್ತುಗಳ ನಡುವೆ ನುಸುಳಿ ಹೊರಬರಬಲ್ಲ ಏಕೈಕ ಪದಾರ್ಥ ಉಪ್ಪಿಟ್ಟು. ರವೆ ಹುರಿದ ವಾಸನೆ ನಡುಮನೆಗೆ ಬಂದದ್ದೇ ತಡ, ‘ಏನಾದರೂ’ ಎಂದು ಔದಾರ್ಯ ತೋರಿದ್ದ ಅದೇ ಬಾಯಿ “ಉಪ್ಪಿಟ್ಟಾ?” ಎನ್ನುತ್ತದೆ.

ನನ್ನಂಥವರನ್ನು ಭಾರತ ಸರ್ಕಾರ ಎರಡು ಬಾರಿ ಅಳೆದಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಸಮಯ ಬಳಕೆ ಸಮೀಕ್ಷೆ ನಡೆಸಿತು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು 2019ರಲ್ಲಿ ದಿನಕ್ಕೆ 299 ನಿಮಿಷ ಕೊಟ್ಟಿದ್ದರು, ಗಂಡಸರು 97. ಐದು ವರ್ಷಗಳ ಬಳಿಕ ಹೆಂಗಸರದು 289ಕ್ಕೆ ಇಳಿಯಿತು. ಮಿಕ್ಸಿ, ವಾಷಿಂಗ್ ಮಷೀನು, ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಕೊತ್ತಂಬರಿ ಸೊಪ್ಪು ಎಸೆದು ಓಡುವ ಹುಡುಗರು ಎಲ್ಲರೂ ಸೇರಿ ಉಳಿಸಿಕೊಟ್ಟದ್ದು ಅದೇ ಹತ್ತು ನಿಮಿಷ ಎಂದು ನನ್ನ ಊಹೆ. ಅವರ ಭಾರ ಇಳಿಯುವಾಗ ನಾವು ಸುಮ್ಮನಿರಲಾಗುತ್ತದೆಯೇ? ನಮ್ಮದು 88ಕ್ಕೆ ಬಂತು. ಅವರು 299ರಲ್ಲಿ ಹತ್ತು ಕಳೆದರು, ನಾವು 97ರಲ್ಲಿಯೇ ಒಂಬತ್ತು ಕಳೆದೆವು. ದಕ್ಷತೆ ಎಂದರೆ ಇದು.

ಈ ನಿಮಿಷಗಳು ಎಲ್ಲ ಗಂಡಸರವೂ ಅಲ್ಲ, ಆ ದಿನ ಮನೆಗೆಲಸಕ್ಕೆ ಒಂದಿಷ್ಟಾದರೂ ಕೈ ಹಾಕಿದವರ ಸರಾಸರಿ. 2019ರಲ್ಲಿ ಹಾಗೆ ಕೈ ಹಾಕಿದವರು ನೂರಕ್ಕೆ 26 ಮಂದಿ. ಉಳಿದ ಮುಕ್ಕಾಲು ಪಾಲು ಗಂಡಸರು ಆ ಕಡೆ ತಲೆಯನ್ನೂ ಹಾಕಿರಲಿಲ್ಲ. ಎಲ್ಲರಿಗೂ ಹಂಚಿದರೆ ತಲೆಗೆ ಸುಮಾರು 25 ನಿಮಿಷ. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಹಾಗಾದರೆ ನಾನು ಗಣ್ಯರ ಸಾಲಿನವನು! ಕುಕ್ಕರ್ ಮೂರು ಸಲ ಕೂಗಿದಾಗ “ಮೂರಾಯಿತು” ಎಂದು ಕುಳಿತಲ್ಲಿಂದಲೇ ಕೂಗಿ ಹೇಳುವವನು ನಾನು. ತೆಂಗಿನಕಾಯಿ ಒಡೆಯುವವನು ನಾನು. ತುರಿಯುವ ಅಧ್ಯಾಯ ಬೇರೆಯವರದು. ಅಟ್ಟದ ಮೇಲಿನ ಡಬ್ಬಿಯನ್ನು ಇಳಿಸಿಕೊಡುತ್ತೇನೆ, ಇಳಿಸುವಾಗ “ಇದನ್ನು ಕೆಳಗೆ ಇಡಬಾರದೇ?” ಎಂಬ ಸಲಹೆಯನ್ನೂ ಉಚಿತವಾಗಿ ಕೊಡುತ್ತೇನೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಅಮ್ಮ ಒಂದು ಅಗುಳು ಹಿಸುಕಿ ನೋಡುತ್ತಾಳೆ. ಮಾದರಿ ಸಮೀಕ್ಷೆ ಎಂಬ ಶಾಸ್ತ್ರ ಹುಟ್ಟಿದ್ದೇ ಒಲೆಯ ಮುಂದೆ ಇರಬೇಕು. ಸರ್ಕಾರಕ್ಕೆ ಒಂದು ಅಗುಳು ಸಾಲದು. 2024ರಲ್ಲಿ 1.39 ಲಕ್ಷ ಮನೆಗಳನ್ನು ಹಿಸುಕಿ ನೋಡಿತು. ಹಿಂದಿನ ದಿನ ನಸುಕಿನ ನಾಲ್ಕು ಗಂಟೆಯಿಂದ ಇಂದಿನ ನಾಲ್ಕರವರೆಗಿನ ದಿನವನ್ನು ಅರ್ಧರ್ಧ ಗಂಟೆಯ ಹೋಳುಗಳಾಗಿ ಹೆಚ್ಚಿ, ಒಂದೊಂದು ಹೋಳಿನಲ್ಲಿ ಏನು ಮಾಡಿದಿರಿ ಎಂದು ಕೇಳುವ ಕ್ರಮ. ಒಂದು ಹೋಳಿಗೆ ಹೆಚ್ಚೆಂದರೆ ಮೂರು ಕೆಲಸ ಬರೆದುಕೊಳ್ಳುತ್ತಾರೆ, ಅದೂ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದ್ದನ್ನು ಮಾತ್ರ. ಬರೆದುಕೊಂಡ ಪ್ರತಿ ಬಗೆಯ ಕೆಲಸಕ್ಕೂ ಸಮೀಕ್ಷೆಯ ಪಟ್ಟಿಯಲ್ಲಿ ಒಂದು ಸಂಕೇತ ಸಂಖ್ಯೆ, ಮನೆಯ ಕೆಲಸಗಳನ್ನು ಯೋಜಿಸುವುದಕ್ಕೂ ಒಂದು ಸಂಕೇತ ಇದೆ. ಸರ್ಕಾರವೇನೂ ಹೃದಯಹೀನವಲ್ಲ. ಆದರೆ ಹುರುಳಿಕಾಳು ನೆನೆಹಾಕುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ. ನಾಳೆ ರಾತ್ರಿಗೆ ಹುರುಳಿಯ ಬಸ್ಸಾರು ಆಗಬೇಕು, ಆದ್ದರಿಂದ ಇಂದು ಮಲಗುವ ಮುನ್ನ ನೆನೆಹಾಕಬೇಕು ಎಂಬುದನ್ನು ನೆನಪಿಟ್ಟುಕೊಳ್ಳುವುದಕ್ಕೆ? ಒಂಬತ್ತನೇ ತರಗತಿಗೆ ತ್ರಿಕೋನ ಪಾಠ ಮಾಡುವಾಗ, ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ, ಅತ್ತೆಯ ಮಾತ್ರೆ ಎಣಿಸುವಾಗ ತಲೆಯ ಒಂದು ಮೂಲೆಯಲ್ಲಿ ಆ ಹುರುಳಿ ಕುಳಿತೇ ಇರುತ್ತದೆ. ಒಂದು ಸಲಕ್ಕೂ ಹತ್ತು ನಿಮಿಷ ಆಗಿರುವುದಿಲ್ಲ. ಹಾಗಾಗಿ ಅದು ಕೆಲಸವಾಗಿಲ್ಲ.

ಇನ್ನು ರಾಷ್ಟ್ರೀಯ ವರಮಾನದ ಲೆಕ್ಕವಂತೂ ಇದಕ್ಕಿಂತ ರುಚಿಯಾಗಿದೆ. ಲೋಕವೆಲ್ಲ ಒಪ್ಪಿದ ಪದ್ಧತಿಯ ಪ್ರಕಾರ ರೈತ ತನ್ನ ಮನೆ ಬಳಕೆಗೆ ಬೆಳೆದ ಟೊಮೇಟೊ ಉತ್ಪಾದನೆ. ಅದೇ ಟೊಮೇಟೊವನ್ನು ರೈತನ ಹೆಂಡತಿ ಗೊಜ್ಜು ಮಾಡಿದರೆ ಅದು ಉತ್ಪಾದನೆಯಲ್ಲ. ಸ್ವಂತ ಮನೆಯಲ್ಲಿ ನೀವು ವಾಸವಾಗಿದ್ದರೆ, ಆ ಮನೆ ನಿಮಗೆ ಬಾಡಿಗೆ ದುಡಿದುಕೊಡುತ್ತಿದೆ ಎಂದು ಊಹಿಸಿ ಆ ಊಹೆಯ ಬಾಡಿಗೆಯನ್ನು ದೇಶದ ಆದಾಯಕ್ಕೆ ಸೇರಿಸುತ್ತಾರೆ. ಅಂದರೆ ನಮ್ಮ ಅಡುಗೆಮನೆಯ ಗೋಡೆ ದುಡಿಯುತ್ತದೆ. ಸಿಂಕು ದುಡಿಯುತ್ತದೆ. ಆ ಗೋಡೆಗೂ ಸಿಂಕಿಗೂ ನಡುವೆ ನಿಂತು ಒಗ್ಗರಣೆ ಹಾಕುತ್ತಿರುವವಳು ದುಡಿಯುತ್ತಿಲ್ಲ. ಇದಕ್ಕೆ ನಾನೊಂದು ಪರಿಹಾರ ಕಂಡುಹಿಡಿದು ಪಕ್ಕದ ಮನೆಯವರ ಮುಂದೆ ಇಟ್ಟೆ. ನಮ್ಮ ಮನೆಯ ಸಾರನ್ನು ನೀವು ಐವತ್ತು ರೂಪಾಯಿಗೆ ಕೊಳ್ಳಿ, ನಿಮ್ಮ ಮನೆಯ ಸಾರನ್ನು ನಾವು ಐವತ್ತಕ್ಕೆ ಕೊಳ್ಳುತ್ತೇವೆ, ಕಾಂಪೌಂಡ್ ಗೋಡೆಯ ಮೇಲೆ ಮೊಬೈಲಿನಲ್ಲೇ ಹಣ ಪಾವತಿ. ಯಾರ ಜೇಬಿನಿಂದಲೂ ಕಾಸು ಕಡಿಮೆಯಾಗದು, ದೇಶದ ಆದಾಯ ಮಾತ್ರ ರಾತ್ರಿಗೆ ನೂರು ರೂಪಾಯಿ ಏರುತ್ತದೆ. ಅವರು ಬಹಳ ಹೊತ್ತು ಯೋಚಿಸಿ, “ನಿಮ್ಮ ಮನೆಯಲ್ಲಿ ಇವತ್ತು ಉಪ್ಪಿಟ್ಟಲ್ಲವೇ?” ಎಂದರು.

ಜನಗಣತಿಯವರು ಮನೆ ಬಾಗಿಲಿಗೆ ಬರುತ್ತಾರಲ್ಲ, 2011ರ ಗಣತಿಯ ಪಟ್ಟಿಯಲ್ಲಿ ಅಡುಗೆಮನೆ ಇದೆಯೇ ಎಂಬ ಪ್ರಶ್ನೆ ಇತ್ತು. ಯಾವ ಇಂಧನ ಉರಿಸುತ್ತೀರಿ, ಸೌದೆಯೋ ಗ್ಯಾಸೋ ಎಂಬುದೂ ಇತ್ತು. ಆ ಉರಿಯ ಮುಂದೆ ಯಾರು ನಿಲ್ಲುತ್ತಾರೆ ಎಂದು ಮಾತ್ರ ಕೇಳಲಿಲ್ಲ. ಪುಣ್ಯ, ನಾನು ತಡವರಿಸಬೇಕಾಗುತ್ತಿತ್ತು. 2001ರ ಗಣತಿಯಲ್ಲಿ ತಮ್ಮ ಮನೆಯ ಕೆಲಸವನ್ನೇ ಮಾಡುವ ಹೆಂಗಸರನ್ನು ‘ಕೆಲಸ ಮಾಡದವರು’ ಎಂಬ ಪಂಕ್ತಿಯಲ್ಲಿ ಭಿಕ್ಷುಕರು, ಕೈದಿಗಳ ಪಕ್ಕ ಎಲೆ ಹಾಕಿ ಕೂರಿಸಿದ್ದರು. ಸುಪ್ರೀಂ ಕೋರ್ಟು 2010ರ ಒಂದು ತೀರ್ಪಿನಲ್ಲಿ ಇದನ್ನು ಎತ್ತಿ ಹೇಳಿ ಬೇಸರಪಟ್ಟಿತು. ಆ ತೀರ್ಪು ಹುಟ್ಟಿದ್ದು ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆಯಿಂದ. ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಿದ ಕೋಷ್ಟಕದಲ್ಲಿ ಒಂದು ಸೂತ್ರ ಬಹುಕಾಲ ಇತ್ತು: ಸಂಪಾದನೆಯಿಲ್ಲದ ಸಂಗಾತಿ ತೀರಿಕೊಂಡರೆ, ಬದುಕುಳಿದ ಸಂಗಾತಿಯ ಸಂಪಾದನೆಯ ಮೂರನೇ ಒಂದು ಭಾಗವನ್ನು ಹೋದವರ ಆದಾಯವೆಂದು ತಿಳಿಯಬೇಕು. ಗಮನಿಸಿ. ಮ್ಯಾನೇಜರನ ಹೆಂಡತಿ ಮಾಡಿದ ಸಾರಿಗೆ ಒಂದು ಬೆಲೆ, ಅದೇ ಕಚೇರಿಯ ಜವಾನನ ಹೆಂಡತಿಯ ಸಾರಿಗೆ ಇನ್ನೊಂದು ಬೆಲೆ. ಬೇಳೆ ಒಂದೇ ಅಂಗಡಿಯದು. ಗಂಡನಿಗೆ ಬಡ್ತಿ ಸಿಕ್ಕಿದ ದಿನ ಸಾರಿನ ಬೆಲೆಯೂ ಏರಬೇಕು. ಗಂಡ ಅಮಾನತಾದರೆ ಬೇಳೆ ಬೇಯುವುದೇ ಇಲ್ಲವೇನೋ.

ಅಡುಗೆ ಗಂಡಸಿಗೆ ಬರದು ಎಂದು ಯಾರೂ ಹೇಳಬಾರದು. ಪಾಕಶಾಸ್ತ್ರಕ್ಕೆ ನಮ್ಮ ಪುರಾಣ ಕೊಟ್ಟ ಹೆಸರುಗಳೇ ನಳಪಾಕ, ಭೀಮಪಾಕ. ದಮಯಂತಿಪಾಕ ಎಂದು ಕೇಳಿದ್ದೀರಾ? ಆದರೆ ಇಬ್ಬರ ಸೇವಾ ದಾಖಲೆಯನ್ನು ತೆಗೆದು ನೋಡಿ. ಭೀಮ ಸೌಟು ಹಿಡಿದು ಹೆಸರಾದದ್ದು ವಿರಾಟನ ಅರಮನೆಯಲ್ಲಿ, ವಲಲನೆಂಬ ಹೆಸರಿನಲ್ಲಿ. ನಳ ಕೈಚಳಕ ತೋರಿದ್ದು ಋತುಪರ್ಣನ ಬಳಿ ಬಾಹುಕನಾಗಿದ್ದಾಗ. ಇಬ್ಬರದೂ ಸರ್ಕಾರಿ ಹುದ್ದೆ, ಅದೂ ವೇಷ ಮರೆಸಿಕೊಂಡು. ವನವಾಸದಲ್ಲಿ ಮನೆಮಂದಿಗೆ ಉಣ್ಣಿಸುವ ಪ್ರಶ್ನೆ ಬಂದಾಗ ಭೀಮನ ಪಾಕಪ್ರವೀಣತೆ ಎಲ್ಲಿ ಹೋಗಿತ್ತೋ, ಸೂರ್ಯನಿಂದ ಅಕ್ಷಯಪಾತ್ರೆ ತರಿಸಬೇಕಾಯಿತು. ಆ ದೇವದತ್ತ ಪಾತ್ರೆಗೂ ಒಂದು ನಿಯಮ ಇತ್ತು. ದ್ರೌಪದಿ ಉಣ್ಣುವವರೆಗೆ ಎಷ್ಟು ಜನ ಬಂದರೂ ಬರಿದಾಗದು. ಅವಳು ಉಂಡಳೋ, ಆ ದಿನಕ್ಕೆ ಮುಗಿಯಿತು. ಕೊನೆಗೆ ಉಣ್ಣಬೇಕಾದವರು ಯಾರೆಂದು ದೇವಲೋಕದ ತಯಾರಕರೇ ಪಾತ್ರೆಯೊಳಗೆ ಅಳವಡಿಸಿ ಕಳುಹಿಸಿದ್ದರು. ದೂರ್ವಾಸರು ಬಂದದ್ದು ಅವಳು ಪಾತ್ರೆ ತೊಳೆದಿಟ್ಟ ಮೇಲೆ ಎಂಬುದನ್ನೂ ನೆನಪಿಡಿ. ತೊಳೆಯುವ ಕೆಲಸವನ್ನು ಅಕ್ಷಯಪಾತ್ರೆಯೂ ತಾನೇ ಮಾಡಿಕೊಳ್ಳುತ್ತಿರಲಿಲ್ಲ.

ಕಳೆದ ಶನಿವಾರ ನಾನೂ ವಲಲನಾದೆ. ಹೆಂಡತಿ ತಂಗಿಯ ಸೀಮಂತಕ್ಕೆ ಹೋಗಿದ್ದಳು. “ಹೊರಗಿನಿಂದ ತರಿಸಿಕೊಳ್ಳಿ” ಎಂದು ಅವಳು ಹೇಳಿದ್ದೇ ನನ್ನ ಪೌರುಷಕ್ಕೆ ತಾಗಿತು. ಒಂದು ಪಾವು ತೊಗರಿಬೇಳೆ ತೊಳೆದು, ಅರಿಶಿನ ಹಾಕಿ ಕುಕ್ಕರ್ ಏರಿಸಿದೆ. ಹತ್ತು ನಿಮಿಷವಾದರೂ ಕೂಗಲಿಲ್ಲ, ಅಂಚಿನಿಂದ ಬುಸುಗುಟ್ಟಿತು. ಗ್ಯಾಸ್ಕೆಟ್ ಕಿಟಕಿಯ ಮೊಳೆಗೆ ತೂಗಾಡುತ್ತಿತ್ತು. ಫೋನು ಮಾಡಿದೆ.

“ಸಾರಿನ ಪುಡಿ ಎಷ್ಟು?”

“ಕಣ್ಣಳತೆ.”

“ಯಾರ ಕಣ್ಣು?”

ಆ ಕಡೆ ನಗು ಕೇಳಿತು, ಸೀಮಂತದ ಮನೆಯ ಹೆಂಗಸರೆಲ್ಲ ಸೇರಿಯೇ ನಕ್ಕರೆಂದು ಕಾಣುತ್ತದೆ. ಹುಣಸೆಹಣ್ಣು ನಿಂಬೆ ಗಾತ್ರ ಎಂದಳು. ನಮ್ಮ ಬುಟ್ಟಿಯಲ್ಲಿ ಮೂರು ಗಾತ್ರದ ನಿಂಬೆ ಇದ್ದವು. ಅಷ್ಟರಲ್ಲಿ ಸಾಸಿವೆ ಸಿಡಿಯಿತು, ಒದ್ದೆ ಕರಿಬೇವು ಎಣ್ಣೆಗೆ ಬಿದ್ದು ಮುಂಗೈಗೆ ಹಾರಿತು, ಪಕ್ಕದ ಉರಿಯಲ್ಲಿ ಹಾಲು ಉಕ್ಕಿತು, ಅಮ್ಮ ಮಾತ್ರೆಗೆ ನೀರು ಕೇಳಿದಳು, ಬಾಗಿಲಿಗೆ ಇಸ್ತ್ರಿಯವನು ಬಂದ. ಅರ್ಧ ಗಂಟೆಗೆ ಮೂರೇ ಕೆಲಸ ಎಂದು ನಿಯಮ ಮಾಡಿದ ಪುಣ್ಯಾತ್ಮರನ್ನು ಆ ಹೊತ್ತಿನಲ್ಲಿ ನೆನೆದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಅತ್ತಿಗೆಗೆ ಫೋನಿನಲ್ಲಿ “ಪಾಪ, ಇವನೇ ಅಡುಗೆ ಮಾಡುತ್ತಿದ್ದಾನೆ” ಎನ್ನುತ್ತಿದ್ದಳು. ಈ ‘ಪಾಪ’ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನಮ್ಮ ಮನೆಯಲ್ಲಿ ಕೇಳಿಬಂದಿರಲಿಲ್ಲ.

ಸಾರು ಹೇಗಿತ್ತು ಎಂದರೆ, ಬಣ್ಣ ಸಾರಿನದೇ ಇತ್ತು. ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹದಿನೇಳು ಜನ ಕೈಮುಗಿದರು. ಭಾವನೊಬ್ಬ ಮಾತ್ರ “ಯಾಕೆ ಎಲ್ಲರಿಗೂ ಕಷ್ಟ ತಂದಿಡುತ್ತೀಯ?” ಎಂದು ಖಾಸಗಿಯಾಗಿ ಬರೆದ.

ಒಂಬತ್ತೂವರೆಗೆ ಹೆಂಡತಿ ಬಂದಳು. ಒಂದು ಸೌಟು ಸಾರು ಬಾಯಿಗೆ ಹಾಕಿಕೊಂಡು “ಪರವಾಗಿಲ್ಲ” ಎಂದಳು. ಆಮೇಲೆ ಸಿಂಕಿನ ಕಡೆ ನೋಡಿದಳು. ಒಂದು ಪಾವು ಬೇಳೆಯ ಸಾರಿಗೆ ನಾನು ಬಳಸಿದ್ದು ಹದಿನಾಲ್ಕು ಪಾತ್ರೆ. ಮಾತಾಡದೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ನಲ್ಲಿ ತಿರುಗಿಸಿದಳು. ಅಡುಗೆ ಮಾಡುವುದಕ್ಕೆ ಸಮೀಕ್ಷೆಯಲ್ಲಿ ಒಂದು ಸಂಕೇತ, ಆಮೇಲೆ ತೊಳೆದು ಎತ್ತಿಡುವುದಕ್ಕೆ ಇನ್ನೊಂದು. ಹಾಗಾಗಿ ನನ್ನ ಸಾಧನೆಗೆ ಅದರಿಂದ ಯಾವ ಧಕ್ಕೆಯೂ ಇಲ್ಲ.

ಹನ್ನೊಂದಕ್ಕೆ ದೀಪ ಆರಿಸಿದೆವು. ಕಣ್ಣು ಎಳೆಯುವ ಹೊತ್ತಿಗೆ ಕತ್ತಲಲ್ಲಿ ದನಿ ಬಂತು: “ಹುರುಳಿಕಾಳು ನೆನೆಹಾಕಿದಿರಾ?”

ನಾನು ಉಸಿರು ಉದ್ದ ಮಾಡಿ, ಗೋಡೆಯ ಕಡೆ ಹೊರಳಿ ಮಲಗಿದೆ. ನಿದ್ದೆಗೂ ಒಂದು ಸಂಕೇತ ಇದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ದೀಪ ಹೊತ್ತಿತು, ಡಬ್ಬಿಯ ಮುಚ್ಚಳ ತೆರೆದ ಸದ್ದು, ಪಾತ್ರೆಗೆ ಕಾಳು ಸುರಿದ ಸದ್ದು, ನೀರಿನ ಸದ್ದು. ಎಣಿಸಿದೆ, ಎರಡು ನಿಮಿಷವೂ ಆಗಲಿಲ್ಲ.